ವಸ್ತಿ ಬಸ್ಸಿನ ಸೀಮೆ

ಬಾಗಲಕೋಟೆ ಜಿಲ್ಲೆಯಲ್ಲಿ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವುದೆಂದರೆ ಬಹಳ ಸಲ ನೀರನ್ನು ದಾಟಿ ಹೋಗಬೇಕು, ಇಲ್ಲವೇ ನೀರನ್ನು ಬಳಸಿಕೊಂಡು ಹೋಗಬೇಕು. ಬಡಗಣದಲ್ಲಿ ಕೃಷ್ಣೆ, ನಡುವೆ ಘಟಪ್ರಭೆ, ತೆಂಕಣದಲ್ಲಿ ಮಲಪ್ರಭೆ ಹರಿಯುತ್ತವೆ. ಘಟಪ್ರಭೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ, ಮಲಪ್ರಭೆ ಕೂಡಲಸಂಗಮದಲ್ಲಿ ಕೂಡುತ್ತದೆ. ಈ ಮೂರು ಹೊಳೆಗಳ ನಡುವಿನ ಎರಿ ಹೊಲಗಳು, ಮಸಾರಿ ದಿನ್ನೆಗಳು ಮತ್ತು ಕೆಂಪು ಮರಳುಗಲ್ಲಿನ ಗುಡ್ಡಗಳೇ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆ. 1997ರ ಆಗಸ್ಟ್ 15ರಂದು ವಿಜಾಪುರದಿಂದ (ಈಗಿನ ವಿಜಯಪುರ) ಬೇರೆಯಾದ ಈ ಜಿಲ್ಲೆಯ ವಿಸ್ತೀರ್ಣ ಸುಮಾರು 6,575 ಚದರ ಕಿಲೋಮೀಟರ್. 2011ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ 18.9 ಲಕ್ಷದಷ್ಟಿತ್ತು. ಎರಿ ಸೀಮೆಯ ಹಳ್ಳಿಗಳು ಒತ್ತೊತ್ತಾಗಿಲ್ಲ. ಒಂದು ಹಳ್ಳಿಯ ಗುಡಿಯ ಶಿಖರ ಮರೆಯಾಗಿ ಎಷ್ಟೋ ಹೊತ್ತಿನ ಮೇಲೆ ಮುಂದಿನ ಹಳ್ಳಿಯ ಬೇವಿನ ಮರಗಳು ಕಾಣಿಸುತ್ತವೆ.

ಹೊಳೆಯ ನಡುವೆ ಎದ್ದ ನೆಲಕ್ಕೆ ಇಲ್ಲಿನ ಜನ ಗಡ್ಡಿ ಎನ್ನುತ್ತಾರೆ, ಪುಸ್ತಕದ ಮಾತಿನಲ್ಲಿ ಅದು ನಡುಗಡ್ಡೆ. ಸುತ್ತ ನೀರಿಲ್ಲದಿದ್ದರೂ ಹೊರಗೆ ಹೋಗಲು ಗಾಡಿ ಸಿಗದ ಹಳ್ಳಿಯ ಪಾಡು ಗಡ್ಡಿಯ ಪಾಡಿಗಿಂತ ಬೇರೆಯಲ್ಲ. ಐಸ್‌ಲ್ಯಾಂಡ್ ಎಂಬ ದ್ವೀಪದೇಶವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಒಂದು ಲಕ್ಷ ಚದರ ಕಿಲೋಮೀಟರಿಗೂ ಮಿಕ್ಕ ಆ ನೆಲದಲ್ಲಿ ನಾಲ್ಕು ಲಕ್ಷ ಜನರೂ ಇಲ್ಲ, ರೈಲು ಎಂಬುದಂತೂ ಇಲ್ಲವೇ ಇಲ್ಲ. ದೇಶವನ್ನು ಸುತ್ತುವ ಸುಮಾರು 1,300 ಕಿಲೋಮೀಟರಿನ ಒಂದು ಹೆದ್ದಾರಿಗೆ ಊರುಗಳು ಪೋಣಿಸಿಕೊಂಡಿವೆ. ಅಲ್ಲಿ ಜನ ಕಡಿಮೆಯಾಗಿರುವುದರಿಂದ ಬಸ್ಸು ವಿರಳ. ಬಾಗಲಕೋಟೆ ಸೀಮೆಯಲ್ಲಿ ಜನರಿದ್ದಾರೆ, ಆದರೆ ಸ್ವಂತ ವಾಹನ ಇಲ್ಲದ ಮನೆಗಳೂ ಬಹಳ ಇವೆ. ಆ ಮನೆಗಳಿಗೆ ಆಸ್ಪತ್ರೆ, ಕಾಲೇಜು, ಸಂತೆ, ಕಚೇರಿ ಎಲ್ಲವೂ ಕೆಂಪು ಬಸ್ಸಿನ ಆಚೆ ತುದಿಯಲ್ಲಿವೆ.

ಈ ಸೀಮೆಯ ಪ್ರಯಾಣ ಶುರುವಾಗುವ ಬಾಗಲಕೋಟೆ ಊರೇ ನೀರಿನಿಂದ ಮೂರು ಪಾಲಾಗಿದೆ. ಆಲಮಟ್ಟಿಯಲ್ಲಿ ಕೃಷ್ಣೆಗೆ ಕಟ್ಟಿದ ಅಣೆಕಟ್ಟಿಗೆ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟರು. 519.60 ಮೀಟರಿನ ಮಟ್ಟಕ್ಕೆ 123 ಟಿಎಂಸಿ ನೀರು ನಿಲ್ಲುವ ಆ ಜಲಾಶಯದ ಹಿನ್ನೀರು ಘಟಪ್ರಭೆಯ ಪಾತ್ರದೊಳಗೆ ಏರಿ ಬಂದು ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳನ್ನು, ಬಜಾರುಗಳನ್ನು ನುಂಗಿತು. ಮನೆ ಕಳೆದುಕೊಂಡವರಿಗಾಗಿ ಎತ್ತರದ ಬಯಲಿನಲ್ಲಿ ನವನಗರ ಎದ್ದಿತು. ಅದರ ವಿನ್ಯಾಸ ರೂಪಿಸಿದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಹೀಗಾಗಿ ಈಗ ಬಾಗಲಕೋಟೆ ಎಂದರೆ ಹಳೆ ಊರು, ವಿದ್ಯಾಗಿರಿ ಮತ್ತು ನವನಗರ. ಹಳೆ ಊರಿನಲ್ಲಿ ಅಂಗಡಿ ಇಟ್ಟವರ ಮನೆ ನವನಗರದ ಒಂದು ಸೆಕ್ಟರಿನಲ್ಲಿ ಇರಬಹುದು, ಅವರ ಮಕ್ಕಳ ಕಾಲೇಜು ವಿದ್ಯಾಗಿರಿಯಲ್ಲಿ ಇರಬಹುದು. ಈ ಮೂರನ್ನೂ ಒಂದು ಊರಾಗಿ ಹಿಡಿದಿಟ್ಟಿರುವುದು ದಿನವಿಡೀ ಓಡುವ ನಗರ ಸಾರಿಗೆ ಬಸ್ಸು ಮತ್ತು ಆಟೊ. ಪರ ಊರಿನಿಂದ ಬಂದವರು ಬಸ್ಸು ಇಳಿಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಹೋಗಬೇಕಾದ್ದು ಹಳೆ ಬಸ್‌ಸ್ಟ್ಯಾಂಡಿಗೋ, ನವನಗರದ ಬಸ್‌ಸ್ಟ್ಯಾಂಡಿಗೋ?

ಸರಕಾರಿ ಬಸ್ಸಿನ ಹೆಸರು ಈ ಸೀಮೆಯಲ್ಲಿ ಹಲವು ಸಲ ಬದಲಾಗಿದೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಈ ಸೀಮೆ ಮುಂಬಯಿ ಪ್ರಾಂತ್ಯದ ಭಾಗವಾಗಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ರಾಜ್ಯ ರಸ್ತೆ ಸಾರಿಗೆ ಸಂಸ್ಥೆ ಹುಟ್ಟಿತು. ಅದರಿಂದ 1997ರ ನವೆಂಬರ್ 1ರಂದು ಹುಬ್ಬಳ್ಳಿ ಕೇಂದ್ರವಾಗಿ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಬೇರೆಯಾಯಿತು. ಜಿಲ್ಲೆ ಮತ್ತು ಸಂಸ್ಥೆ ಎರಡೂ ಒಂದೇ ವರ್ಷದ ಕೂಸುಗಳು. ಬಾಗಲಕೋಟೆ ವಿಭಾಗದ ಡಿಪೊಗಳು ಬಾದಾಮಿ, ಹುನಗುಂದ, ಇಳಕಲ್ಲಿನಲ್ಲೂ ಇವೆ. ಜಿಲ್ಲೆಯ ಗಡಿಯಲ್ಲಿ ಸಂಸ್ಥೆಯ ಗಡಿಯೂ ಇದೆ. ಬಡಗಣಕ್ಕೆ ವಿಜಯಪುರ, ಮೂಡಣಕ್ಕೆ ಕುಷ್ಟಗಿ, ಲಿಂಗಸುಗೂರು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮಕ್ಕೆ ಸೇರಿವೆ. ಆದ್ದರಿಂದ ಹುನಗುಂದ, ಇಳಕಲ್ ಬಸ್‌ಸ್ಟ್ಯಾಂಡುಗಳಲ್ಲಿ ಎರಡು ಸಂಸ್ಥೆಗಳ ಬಸ್ಸುಗಳು ಪಕ್ಕಪಕ್ಕ ನಿಲ್ಲುತ್ತವೆ. ಜನ ಹೆಸರು ನೋಡುವುದಿಲ್ಲ, ಬೋರ್ಡು ನೋಡುತ್ತಾರೆ.

ಬೋರ್ಡು ಓದುವುದು ಇಲ್ಲಿ ಒಂದು ವಿದ್ಯೆ. ಕೊನೆಯ ಊರಿಗಿಂತ ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ನಡುವಿನ ಊರುಗಳೇ ಮುಖ್ಯ. ಬಾಗಲಕೋಟೆಯಿಂದ ಬಾದಾಮಿಗೆ ಗುಳೇದಗುಡ್ಡದ ಮೇಲೆಯೂ ಹೋಗಬಹುದು, ಕೆರೂರಿನ ಮೇಲೆಯೂ ಹೋಗಬಹುದು. ದಾರಿ ತಪ್ಪಿದರೆ ಇಳಿಯಬೇಕಾದ ಹಳ್ಳಿಯೇ ತಪ್ಪುತ್ತದೆ. ವೇಗದೂತ ಬಸ್ಸು ದೊಡ್ಡ ಊರುಗಳಲ್ಲಿ ಮಾತ್ರ ನಿಲ್ಲುತ್ತದೆ. ಸಾಮಾನ್ಯ ಬಸ್ಸು ಹಳ್ಳಿಯ ಕ್ರಾಸಿನಲ್ಲೂ, ಹೊಲದ ಬದುವಿನಿಂದ ಯಾರಾದರೂ ಕೈ ಮಾಡಿದಲ್ಲೂ ನಿಲ್ಲುತ್ತದೆ. ಬಸ್ಸು ಬಂದ ಕೂಡಲೇ ಕಿಟಕಿಯೊಳಗೆ ವಸ್ತ್ರ ಹಾಕಿ ಸೀಟು ಹಿಡಿಯುವುದು ಎಲ್ಲರೂ ಒಪ್ಪಿದ ಪದ್ಧತಿ. ಹಾಕಿದ ವಸ್ತ್ರವನ್ನು ಇನ್ನೊಬ್ಬರು ತೆಗೆಯುವುದಿಲ್ಲ. ಮುದುಕಿಯೊಬ್ಬಳು ಹತ್ತಿದರೆ ‘ಬಾ ಯವ್ವಾ, ಇಲ್ಲಿ ಕುಂದ್ರು’ ಎಂದು ಜಾಗ ಬಿಡುವುದೂ ಅಷ್ಟೇ ಗಟ್ಟಿಯಾದ ಪದ್ಧತಿ.

ಈ ಸೀಮೆಯ ಸಾರಿಗೆಯ ಜೀವಾಳ ವಸ್ತಿ ಬಸ್ಸು. ಸಂಜೆ ತಾಲ್ಲೂಕು ಊರನ್ನು ಬಿಟ್ಟು ಕತ್ತಲಾಗುವ ಹೊತ್ತಿಗೆ ದಾರಿಯ ಕೊನೆಯ ಹಳ್ಳಿ ಮುಟ್ಟಿ, ರಾತ್ರಿ ಅಲ್ಲಿಯೇ ತಂಗಿ, ಬೆಳಗಾಗುತ್ತಲೇ ಮರಳುವ ಬಸ್ಸಿಗೆ ಆ ಹೆಸರು. ಅದು ಸಂಜೆ ಕಾಲೇಜು ಮುಗಿಸಿದ ಹುಡುಗಿಯರನ್ನು, ಸಂತೆ ಮುಗಿಸಿದ ರೈತರನ್ನು, ಆಸ್ಪತ್ರೆಯಿಂದ ಮರಳುವ ಬಸುರಿಯರನ್ನು ಊರಿಗೆ ತರುತ್ತದೆ. ಬೆಳಿಗ್ಗೆ ಹಾಲಿನ ಕ್ಯಾನು, ಕಾಯಿಪಲ್ಲೆಯ ಬುಟ್ಟಿ, ಶಾಲೆಯ ಚೀಲಗಳನ್ನು ಹೊತ್ತುಕೊಂಡು ಹೋಗುತ್ತದೆ. ಡ್ರೈವರ್, ಕಂಡಕ್ಟರ್ ಇಬ್ಬರೂ ಆ ರಾತ್ರಿ ಹಳ್ಳಿಯ ಅತಿಥಿಗಳು. ಗುಡಿಯ ಕಟ್ಟೆಯ ಮೇಲೋ, ಪಂಚಾಯಿತಿಯ ಪಡಸಾಲೆಯಲ್ಲೋ, ಬಸ್ಸಿನೊಳಗಿನ ಉದ್ದ ಸೀಟಿನ ಮೇಲೋ ಹಾಸಿಗೆ ಬಿಚ್ಚುತ್ತಾರೆ. ಎಷ್ಟೋ ಊರುಗಳಲ್ಲಿ ಯಾರದಾದರೂ ಮನೆಯಿಂದ ರೊಟ್ಟಿ ಪಲ್ಯ ಅವರಿಗೆ ಬರುತ್ತದೆ. ವಸ್ತಿ ಬಸ್ಸು ಇರುವ ಊರಿಗೆ ಹೆಣ್ಣು ಕೊಡುವವರು ಹಿಂದೆಮುಂದೆ ನೋಡುವುದಿಲ್ಲ. ಮಗಳ ಊರು ದೂರವಾಗದು ಎಂಬ ಧೈರ್ಯ ಆ ಬಸ್ಸಿನಿಂದ ಬರುತ್ತದೆ.

ಬಾಗಲಕೋಟೆಯಿಂದ ಬಾದಾಮಿಯ ದಾರಿ ರಸ್ತೆ, ರೈಲು ಎರಡರಲ್ಲೂ ಇದೆ. ರಸ್ತೆ ಗುಳೇದಗುಡ್ಡದ ಹತ್ತಿರ ಬಂಡೆಗುಡ್ಡಗಳ ನಡುವೆ ಸಾಗುತ್ತದೆ. ಗುಳೇದಗುಡ್ಡ ಖಣ ನೇಯುವ ಊರು, ಇಳಕಲ್ ಸೀರೆ ನೇಯುವ ಊರು. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣದ ಕುಪ್ಪಸ ಎಂಬುದು ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಉಡುಗೆಯ ಜೋಡಿ. ಒಂದು ಊರಿನ ಮಗ್ಗದಿಂದ ಇಳಿದ ಬಟ್ಟೆಯ ಗಂಟು ಇನ್ನೊಂದು ಊರಿನ ಅಂಗಡಿ ಸೇರಲು ಬಸ್ಸಿನ ಮಾಳಿಗೆಯೇ ಎಷ್ಟೋ ಕಾಲ ದಾರಿಯಾಗಿತ್ತು.

ಬಾದಾಮಿ ರೈಲು ನಿಲ್ದಾಣ ಊರಿನಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿದೆ. ಹಿಂದೆ ಟಾಂಗಾಗಳು ಈ ದೂರವನ್ನು ಓಡುತ್ತಿದ್ದವು, ಈಗ ಆ ಕೆಲಸ ಆಟೊ ಮತ್ತು ಟಂಟಂ ಎಂಬ ದೊಡ್ಡ ಆಟೊಗಳದು. ಮೇಣಬಸದಿ ಗುಹೆಗಳೂ ಅಗಸ್ತ್ಯತೀರ್ಥದ ಹೊಂಡವೂ ಬಸ್‌ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟೇ ದೂರ. ಬಾದಾಮಿಯಿಂದ ಬನಶಂಕರಿ ಸುಮಾರು 5 ಕಿಲೋಮೀಟರ್, ಪಟ್ಟದಕಲ್ಲು 22 ಕಿಲೋಮೀಟರ್, ಅಲ್ಲಿಂದ ಮುಂದೆ ಐಹೊಳೆ 13–14 ಕಿಲೋಮೀಟರ್. ಪಟ್ಟದಕಲ್ಲಿನ ಗುಡಿಗಳು 1987ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಆದರೂ ಅಲ್ಲಿಗೆ ಹೋಗುವ ಬಸ್ಸು ಹಳ್ಳಿಯವರಿಗಾಗಿ ಓಡುವ ಸಾಮಾನ್ಯ ಬಸ್ಸೇ. ಮುಂಜಾನೆಯ ಗಾಡಿಗೆ ಹೊರಟು ಮೊದಲು ಐಹೊಳೆ, ಬರುವಾಗ ಪಟ್ಟದಕಲ್ಲು ನೋಡುವುದು ಬುದ್ಧಿವಂತರ ಕ್ರಮ. ದೂರದ ಊರನ್ನು ಮೊದಲು ಮುಗಿಸಿದರೆ ಹಗಲು ಕಳೆದಂತೆ ಬಾದಾಮಿ ಹತ್ತಿರವಾಗುತ್ತಾ ಬರುತ್ತದೆ. ಐಹೊಳೆಯಿಂದ ಹಿಂದಿರುಗದೆ ಅಮೀನಗಡಕ್ಕೆ ಹೋಗಿ ಹುನಗುಂದದ ಹೆದ್ದಾರಿ ಹಿಡಿಯುವ ದಾರಿಯೂ ಇದೆ.

ಹುನಗುಂದದ ದಾರಿ ಬೇರೆ ಬಗೆಯದು. ಬಾಗಲಕೋಟೆಯಿಂದ ಮೂಡಣಕ್ಕೆ ಹೊರಟ ಬಸ್ಸು ಕರದಂಟಿಗೂ ಕುರಿಸಂತೆಗೂ ಹೆಸರಾದ ಅಮೀನಗಡದಲ್ಲಿ ನಿಂತು ಹುನಗುಂದಕ್ಕೆ ಬರುತ್ತದೆ. ಒಟ್ಟು ದೂರ 50 ಕಿಲೋಮೀಟರಿನ ಹತ್ತಿರ. ಬೆಳಗಾವಿ–ರಾಯಚೂರು ರಸ್ತೆ ಮತ್ತು ಸೊಲ್ಲಾಪುರದಿಂದ ವಿಜಯಪುರ, ಹೊಸಪೇಟೆಗಳ ಕಡೆ ಸಾಗುವ ರಾಷ್ಟ್ರೀಯ ಹೆದ್ದಾರಿ ಕೂಡುವ ಜಾಗ ಹುನಗುಂದ. ಅಲ್ಲಿಂದ ಇಳಕಲ್ ಸುಮಾರು 15 ಕಿಲೋಮೀಟರ್. ಇಳಕಲ್‌ನ ಕೆಂಪು ಗ್ರಾನೈಟ್ ಲಾರಿಯಲ್ಲಿ ಹೋಗುತ್ತದೆ, ಸೀರೆ ಬಸ್ಸಿನಲ್ಲೂ ಹೋಗುತ್ತದೆ. ಈ ಎರಡು ಊರುಗಳ ನಡುವೆ ಬಸ್ಸಿಗೆ ಬಹಳ ಹೊತ್ತು ಕಾಯಬೇಕಾಗಿಲ್ಲ. ಹೆದ್ದಾರಿಯಿಂದ ಒಳಗೆ ತಿರುಗಿದ ಹಳ್ಳಿಗಳಿಗೆ ಹೋಗಬೇಕಾದವರಿಗೆ ಮಾತ್ರ ಬಸ್ಸಿನ ಹೊತ್ತು ಬಾಯಿಪಾಠವಾಗಿರಬೇಕು.

ಕೂಡಲಸಂಗಮಕ್ಕೆ ಹುನಗುಂದ ಮತ್ತು ಬಾಗಲಕೋಟೆಗಳಿಂದ ಬಸ್ಸುಗಳಿವೆ. ಹೆದ್ದಾರಿಯ ಬಸ್ಸಿನಲ್ಲಿ ಬಂದವರು ಕೂಡಲಸಂಗಮ ಕ್ರಾಸಿನಲ್ಲಿ ಇಳಿದು ಟಂಟಂ ಹಿಡಿಯುತ್ತಾರೆ. ಬಸವಣ್ಣನವರ ಐಕ್ಯಮಂಟಪದ ಸುತ್ತ ನಾರಾಯಣಪುರ ಜಲಾಶಯದ ಹಿನ್ನೀರು ನಿಂತಿದೆ. ಬಾವಿಯಂತೆ ಎತ್ತರದ ಗೋಡೆ ಕಟ್ಟಿ ಅದನ್ನು ಕಾಪಾಡಲಾಗಿದ್ದು, ಮೇಲಿನಿಂದ ಮೆಟ್ಟಿಲಿಳಿದು ಹೋಗಿ ದರ್ಶನ ಪಡೆಯಬೇಕು. ಅವರ ಪತ್ನಿ ನೀಲಾಂಬಿಕೆಯ ಐಕ್ಯಸ್ಥಳವಾದ ತಂಗಡಗಿ ಕೃಷ್ಣೆಯ ಆಚೆ ದಂಡೆಯಲ್ಲಿ ಮುದ್ದೇಬಿಹಾಳದ ಕಡೆಗಿದೆ. ಗಂಡ ಹೆಂಡಿರ ಸಮಾಧಿಗಳ ನಡುವೆ ಒಂದು ಹೊಳೆ, ಎರಡು ಜಿಲ್ಲೆ. ಭಕ್ತರು ಎರಡನ್ನೂ ಒಂದೇ ದಿನ ಕಾಣುವುದು ಸೇತುವೆಯೂ ಬಸ್ಸೂ ಇರುವುದರಿಂದ.

ರೈಲಿನ ಕಥೆ ಬರದಿಂದ ಶುರುವಾಗುತ್ತದೆ. 1876–78ರ ಬರದಲ್ಲಿ ಈ ಸೀಮೆ ಬೆಂದುಹೋಯಿತು. ಹೊರಗಿನಿಂದ ಧಾನ್ಯ ತರಲು ದಾರಿ ಇರಲಿಲ್ಲ ಎಂಬ ಪಾಠದಿಂದ ಸದರ್ನ್ ಮರಾಠಾ ರೈಲ್ವೆ ಹುಟ್ಟಿತು. ಅದರ ಹೋಟಗಿ–ಗದಗ ಮೀಟರ್‌ಗೇಜ್ ದಾರಿಯಲ್ಲಿ 1884ರಲ್ಲಿ ಗಾಡಿ ಓಡಿತು. ವಿಜಾಪುರ, ಆಲಮಟ್ಟಿ, ಬಾಗಲಕೋಟೆ, ಬಾದಾಮಿ ಈ ದಾರಿಯಲ್ಲಿವೆ. ಆಗ ಕಲಾದಗಿ ಜಿಲ್ಲಾ ಕೇಂದ್ರವಾಗಿತ್ತು. ರೈಲು ಅದನ್ನು ಮುಟ್ಟಲಿಲ್ಲ. ಮರುವರ್ಷವೇ ಕಚೇರಿಗಳು ವಿಜಾಪುರಕ್ಕೆ ಹೋದವು. ಈ ಶತಮಾನದ ಮೊದಲ ದಶಕದಲ್ಲಿ ಹಳಿಗಳು ಬ್ರಾಡ್‌ಗೇಜ್ ಆದವು, ಆಮೇಲೆ ಜೋಡಿ ಹಳಿಯ ಕೆಲಸ ಶುರುವಾಯಿತು. ಸೊಲ್ಲಾಪುರ–ಹುಬ್ಬಳ್ಳಿ ಪ್ಯಾಸೆಂಜರ್ ಸಣ್ಣ ನಿಲ್ದಾಣಗಳ ಜನರ ಗಾಡಿ. ಬಾಗಲಕೋಟೆಯಿಂದ ಮೈಸೂರಿಗೆ ಹೋಗುವ ಬಸವ ಎಕ್ಸ್‌ಪ್ರೆಸ್ ವಿಜಯಪುರ, ಸೊಲ್ಲಾಪುರ, ಕಲಬುರಗಿ, ರಾಯಚೂರುಗಳನ್ನು ಸುತ್ತಿಕೊಂಡು ಬೆಂಗಳೂರು ಮುಟ್ಟುತ್ತದೆ. ದೂರ ಹೆಚ್ಚಾದರೂ ದರ ಕಡಿಮೆ, ಕಾಲು ಚಾಚಿ ಮಲಗಬಹುದು ಎಂದು ಜನ ಅದನ್ನೇ ಹತ್ತುತ್ತಾರೆ. ಬಾಗಲಕೋಟೆಯಿಂದ ಕುಡಚಿಗೆ ಹೊಸ ಹಳಿ ಹಾಕುವ ಕೆಲಸದಲ್ಲಿ ಮೊದಲ 30 ಕಿಲೋಮೀಟರ್ ಖಜ್ಜಿಡೋಣಿವರೆಗೆ ಮುಗಿದಾಗ, ನೂರಮೂವತ್ತು ವರ್ಷ ಕಾದ ಕಲಾದಗಿ ಸೀಮೆಗೆ ಹಳಿ ಬಂದಂತಾಯಿತು. ಹುನಗುಂದ, ಇಳಕಲ್‌ಗಳಿಗೆ ಇಂದಿಗೂ ರೈಲಿಲ್ಲ. 2025ರಲ್ಲಿ ಕುಷ್ಟಗಿಗೆ ಮೊದಲ ರೈಲು ಬಂದ ಮೇಲೆ ಇಳಕಲ್‌ನವರಿಗೆ ಹತ್ತಿರದ ಹಳಿ ಪಕ್ಕದ ತಾಲ್ಲೂಕಿನಲ್ಲಿ ಸಿಕ್ಕಿದೆ.

ಬಸ್ಸು ತಲುಪದ ಹೊತ್ತಿನಲ್ಲಿ ಟಂಟಂ, ಟ್ರ್ಯಾಕ್ಸ್, ಕ್ರೂಸರ್‌ಗಳಂಥ ಖಾಸಗಿ ಗಾಡಿಗಳು ಓಡುತ್ತವೆ. ಇವುಗಳಿಗೆ ವೇಳಾಪಟ್ಟಿ ಇಲ್ಲ. ತುಂಬಿದಾಗ ಹೊರಡುತ್ತವೆ, ತುಂಬುವುದೆಂದರೆ ಎಷ್ಟು ಎಂಬುದಕ್ಕೂ ಮಿತಿಯಿಲ್ಲ. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಕಾಲದಲ್ಲಿ ಕೂಲಿ ಹೆಣ್ಣುಮಕ್ಕಳು ಇಂಥ ಗಾಡಿಗಳಲ್ಲಿ ಒತ್ತಿಕೊಂಡು ಕುಳಿತು, ಬಾಗಿಲಿನ ಕಂಬಿ ಹಿಡಿದು ನಿಂತು ಹೊಲದಿಂದ ಹೊಲಕ್ಕೆ ಹೋಗುತ್ತಾರೆ. ಅಪಘಾತವಾದರೆ ಸಾಯುವವರು ಅವರೇ. ಬಸ್ಸು ಸರಿಯಾದ ಹೊತ್ತಿಗೆ ಬಂದ ದಾರಿಯಲ್ಲಿ ಜನ ಈ ಅಪಾಯಕ್ಕೆ ಹೋಗುವುದಿಲ್ಲ.

ಜಮಖಂಡಿ ತಾಲ್ಲೂಕಿನ ಮುತ್ತೂರು, ಕಂಕಣವಾಡಿಗಳ ಕಡೆ ಕೃಷ್ಣೆಯಲ್ಲಿ ನಿಜವಾದ ಗಡ್ಡಿಗಳೇ ಇವೆ. ಅಲ್ಲಿ ದೋಣಿಯೇ ಸಾರಿಗೆ. ಹೊಳೆ ಏರಿದಾಗ ದನಕರು, ಮೇವು, ಹಾಲು ಎಲ್ಲವೂ ದೋಣಿಯ ಮೇಲೇ ಬರಬೇಕು. ಉಳಿದೆಡೆ ದೋಣಿಯ ಕೆಲಸವನ್ನು ಸೇತುವೆಗಳು ವಹಿಸಿಕೊಂಡಿವೆ. ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಬಸ್ಸು ಗೋವನಕೊಪ್ಪದಲ್ಲಿ ಮಲಪ್ರಭೆಯನ್ನು, ಅನಗವಾಡಿಯಲ್ಲಿ ಘಟಪ್ರಭೆಯನ್ನು, ಕೊರ್ತಿ–ಕೊಲ್ಹಾರದಲ್ಲಿ ಕೃಷ್ಣೆಯನ್ನು ದಾಟುತ್ತದೆ. ಕೊನೆಯ ಸೇತುವೆ ಸುಮಾರು 3 ಕಿಲೋಮೀಟರ್ ಉದ್ದ. ಅದರ ಮೇಲೆ ಬಸ್ಸು ಹೋಗುವಾಗ ಎರಡೂ ಕಡೆ ದಂಡೆಯೇ ಕಾಣದಷ್ಟು ನೀರು ಹರಡಿರುತ್ತದೆ. ಆ ನೀರಿನಡಿ ಊರುಗಳಿದ್ದವು ಎಂಬುದನ್ನು ಬಲ್ಲ ಹಿರಿಯರು ಕಿಟಕಿಯಿಂದ ಕೈ ಮುಗಿಯುತ್ತಾರೆ.

ಸೇತುವೆ ಮುಳುಗಿದರೆ ಇಡೀ ಏರ್ಪಾಟು ಕುಸಿಯುತ್ತದೆ. 2009ರ ಅಕ್ಟೋಬರಿನಲ್ಲಿ ಮತ್ತು 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ತಾಲ್ಲೂಕುಗಳ ದಂಡೆಯ ಹಳ್ಳಿಗಳು ಜಲಾವೃತವಾದವು. 2019ರಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನೀರು ಬಂತು. ಗೋವನಕೊಪ್ಪ, ಚೊಳಚಗುಡ್ಡದ ಸೇತುವೆಗಳ ಮೇಲೆ ಓಡಾಟ ನಿಂತಿತು. ನೀರು ಇಳಿದ ಮೇಲೆ ಊರಿಗೆ ಮೊದಲ ಬಸ್ಸು ಬಂದ ದಿನವನ್ನು ಜನ ಇಂದಿಗೂ ನೆನೆಯುತ್ತಾರೆ. ಪರಿಹಾರದ ಹಣಕ್ಕಿಂತ ಮೊದಲು ಬಂದು ‘ಊರು ಬದುಕಿದೆ’ ಎಂದು ಹೇಳಿದ್ದು ಆ ಬಸ್ಸು.

ವರ್ಷದ ಎರಡು ಸಂದರ್ಭಗಳಲ್ಲಿ ಈ ಬಸ್ಸುಗಳು ಸೀಮೆಯ ಸುಖದುಃಖ ಎರಡನ್ನೂ ಹೊರುತ್ತವೆ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ. ತೇರು ಎಳೆದ ಮೇಲೂ ನಾಟಕ ಕಂಪನಿಗಳು ವಾರಗಟ್ಟಲೆ ಬೀಡುಬಿಟ್ಟಿರುತ್ತವೆ. ಸುತ್ತಲಿನ ಡಿಪೊಗಳಿಂದ ವಿಶೇಷ ಬಸ್ಸುಗಳು ಓಡುತ್ತವೆ. ನಾಟಕ ಮುಗಿಸಿ ಬೆಳಗಿನ ಜಾವ ಬಸ್ಸಿಗೆ ಕಾಯುವ ಜನರಿಂದ ಬಾದಾಮಿಯ ದಾರಿಗೆ ನಿದ್ದೆಯಿಲ್ಲ. ಇನ್ನೊಂದು ಸಂದರ್ಭ ಗುಳೆ. ಮಳೆ ಕೈಕೊಟ್ಟ ವರ್ಷ, ಇಲ್ಲವೇ ಹಿಂಗಾರಿ ಪೀಕು ಕೈಸೇರಿದ ಮೇಲೆ, ಕೂಲಿಯವರು ಮಂಗಳೂರು, ಉಡುಪಿ, ಗೋವೆಗಳ ಕಟ್ಟಡದ ಕೆಲಸಕ್ಕೆ ಹೊರಡುತ್ತಾರೆ. ಸಂಜೆಯ ದೂರದ ಬಸ್ಸಿನ ಕೆಳಗಿನ ಡಿಕ್ಕಿಯಲ್ಲಿ ಜೋಳದ ಚೀಲ, ಪಾತ್ರೆಯ ಗಂಟು, ಒಂದು ಒನಕೆಯೂ ಇರುತ್ತದೆ. ಊರಲ್ಲಿ ಉಳಿದ ಮುದುಕರಿಗೆ ಕಟಕ ರೊಟ್ಟಿ, ಹೋಗುವವರಿಗೆ ಬುತ್ತಿ. ಕಿಟಕಿಯಿಂದ ಕೂಸನ್ನು ಒಳಗೆ ಕೊಟ್ಟು ಬಾಗಿಲಿನಿಂದ ತಾಯಿ ಹತ್ತುತ್ತಾಳೆ. ಹಬ್ಬಕ್ಕೆ ಅವರನ್ನು ಮರಳಿ ತರುವುದೂ ಅದೇ ಬಸ್ಸು.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಶೂನ್ಯ ದರದ ಟಿಕೆಟ್ ಸಿಗುತ್ತದೆ. ‘ಆಧಾರ್ ತೋರಸ್ಬೇ ಯವ್ವಾ’ ಎಂಬ ಕಂಡಕ್ಟರನ ಮಾತು ಈಗ ಪ್ರತಿ ಸ್ಟೇಜಿಗೂ ಕೇಳುತ್ತದೆ. ತವರಿಗೆ ಹೋಗಲು, ತಾಲ್ಲೂಕು ಆಸ್ಪತ್ರೆಗೆ ಬರಲು, ಮಗಳ ಕಾಲೇಜಿನ ಫೀ ಕಟ್ಟಲು ಗಂಡನ ಕೈ ನೋಡಬೇಕಾಗಿದ್ದ ಹೆಂಗಸರು ತಾವೇ ಹೊರಟು ಬರುತ್ತಾರೆ. ದೇವರಿಗೆ ಹರಕೆ ಹೊತ್ತು ವರ್ಷಗಳ ಕಾಲ ತೀರಿಸಲಾಗದಿದ್ದವರು ಬನಶಂಕರಿ ಕಂಡರು, ಸಂಗಮ ಕಂಡರು. ಬಸ್ಸುಗಳಲ್ಲಿ ನೂಕುನುಗ್ಗಲು ಹೆಚ್ಚಿರುವುದೂ ನಿಜ. ಅದಕ್ಕೆ ಮದ್ದು ಬಸ್ಸುಗಳನ್ನು ಹೆಚ್ಚಿಸುವುದು.

ಒಂದು ದಾರಿಯ ಬಸ್ಸು ಲಾಭ ತರುತ್ತದೆಯೇ ಎಂದು ಲೆಕ್ಕ ಹಾಕುವಾಗ ಟಿಕೆಟ್ಟಿನ ಹಣ ಮಾತ್ರ ಕಾಣುತ್ತದೆ. ಆ ಬಸ್ಸಿನಿಂದ ಹತ್ತನೆಯ ತರಗತಿ ದಾಟಿದ ಹುಡುಗಿ, ಹೊತ್ತಿಗೆ ಸರಿಯಾಗಿ ಹೆರಿಗೆಗೆ ತಲುಪಿದ ತಾಯಿ, ಕೊಳೆಯದೆ ಪೇಟೆ ಮುಟ್ಟಿದ ಬದನೆಕಾಯಿ ಆ ಲೆಕ್ಕದಲ್ಲಿ ಇರುವುದಿಲ್ಲ. ಹೆದ್ದಾರಿಗಳಲ್ಲಿ ಬಸ್ಸು ಸಿಗುವುದು ಕಷ್ಟವಲ್ಲ. ಸಾರಿಗೆಯ ಗಟ್ಟಿತನ ಗೊತ್ತಾಗುವುದು ಹೆದ್ದಾರಿಯಿಂದ ಹತ್ತಾರು ಕಿಲೋಮೀಟರ್ ಒಳಗಿರುವ ಊರಿನಲ್ಲಿ. ಆದ್ದರಿಂದ ವಸ್ತಿ ಬಸ್ಸುಗಳನ್ನು ಕಡಿಮೆ ಮಾಡುವ ಮೊದಲು ಅಧಿಕಾರಿಗಳು ಒಂದು ರಾತ್ರಿ ಆ ಹಳ್ಳಿಯಲ್ಲಿ ತಂಗಬೇಕು. ಬೈಕು ಕೊಂಡ ತರುಣರೂ ವಾರಕ್ಕೊಮ್ಮೆಯಾದರೂ ತಮ್ಮೂರ ಬಸ್ಸು ಹತ್ತಬೇಕು, ಸೀಟು ಖಾಲಿ ಬಿದ್ದ ದಾರಿಯ ಬಸ್ಸು ಬಹಳ ದಿನ ಉಳಿಯುವುದಿಲ್ಲ. ಬಾದಾಮಿ, ಐಹೊಳೆ ನೋಡಲು ಬರುವವರು ಬಾಡಿಗೆ ಕಾರು ಬಿಟ್ಟು ಒಂದು ದಿನ ಸಾಮಾನ್ಯ ಬಸ್ಸಿನಲ್ಲಿ ಕುಳಿತರೆ ಚಾಲುಕ್ಯರ ಕಲ್ಲಿನ ಜೊತೆಗೆ ಅವರ ನಾಡಿನ ಜನರನ್ನೂ ಕಂಡು ಹೋಗುತ್ತಾರೆ. ಸಂಜೆ ಕೊನೆಯ ಬಸ್ಸು ಬಂದು ನಿಂತರೆ ಹಳ್ಳಿ ನಾಡಿನ ಭಾಗವಾಗಿ ಉಳಿಯುತ್ತದೆ, ಬಾರದಿದ್ದರೆ ಬೆಳಗಾಗುವವರೆಗೆ ಅದು ಗಡ್ಡಿಯೇ.